ಸೂಳೆಕೆರೆಯೂ ಒಂದು ಮರದ ತುಂಡೂ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಏರಿಯ ಮೇಲೆ ಮೊದಲ ಬಾರಿ ನಿಂತವರ ಕಣ್ಣಿಗೆ ಬೀಳುವುದು ನೀರು. ಎರಡನೆಯ ಸಲ ನೋಡಿದಾಗಲೂ ನೀರೇ. ಸುಮಾರು ೬,೫೫೦ ಎಕರೆ ಹರಡಿಕೊಂಡಿರುವ ಆ ಜಲರಾಶಿಯ ಮುಂದೆ, ತಾವು ನಿಂತಿರುವ ಏರಿಯ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಅದು ಅಷ್ಟೊಂದು ಉದ್ದವಾದದ್ದೂ ಅಲ್ಲ. ಎರಡು ಗುಡ್ಡಗಳು ಒಂದರ ಬಳಿಗೊಂದು ಬಂದು, ಇನ್ನೇನು ಕೈಕೈ ಹಿಡಿಯಬೇಕು ಎನ್ನುವಲ್ಲಿ ನಿಂತುಬಿಟ್ಟಿವೆ. ಆ ಕಿಂಡಿಯ ಮೂಲಕ ಹರಿದುಹೋಗುತ್ತಿದ್ದ ಹಳ್ಳಕ್ಕೆ ನಮ್ಮ ಪೂರ್ವಿಕರು ಅಡ್ಡಲಾಗಿ ಮಣ್ಣು ಕಲ್ಲುಗಳನ್ನು ಕಟ್ಟಿದರು. ಅಷ್ಟೇ ಅವರು ಮಾಡಿದ ಕೆಲಸ. ಉಳಿದುದನ್ನೆಲ್ಲ ಗುಡ್ಡಗಳು ಮಾಡಿದುವು. ೧೨ನೆಯ ಶತಮಾನದಲ್ಲಿ ಶಾಂತವ್ವೆಯೆಂಬ ರಾಜಕುಮಾರಿ ಇದನ್ನು ಕಟ್ಟಿಸಿದಳೆಂದೂ, ನೆಲವನ್ನು ಬಿಟ್ಟುಕೊಟ್ಟ ಸೂಳೆಯರ ಷರತ್ತಿನಂತೆ ಕೆರೆಗೆ ಅವರ ಹೆಸರೇ ನಿಂತಿತೆಂದೂ ಜನ ಹೇಳುತ್ತಾರೆ. ಶಾಂತಿಸಾಗರವೆಂಬ ಹೆಸರಿನಲ್ಲಿ ಆಕೆಯ ನೆನಪೂ ಉಳಿದಿದೆ.

ಈ ಕೆರೆಯನ್ನು ಮರದಲ್ಲಿ ಕೆತ್ತಬೇಕೆಂಬ ಹುಚ್ಚು ನಮಗೆ ಹತ್ತಿದ್ದು ತರಗತಿಯಲ್ಲಿ. ದ್ರವಗಳ ಒತ್ತಡವನ್ನು ಕುರಿತು ಪಾಠ ನಡೆದಿತ್ತು. ಒತ್ತಡವು ಆಳವನ್ನು ಮಾತ್ರ ಅವಲಂಬಿಸುತ್ತದೆ, ನೀರಿನ ಹರವನ್ನಲ್ಲ ಎಂದು ನಾವು ಹೇಳಿದೆವು. ಸೂಳೆಕೆರೆಯ ಕಡೆಯಿಂದ ದಿನವೂ ಬಸ್ಸಿನಲ್ಲಿ ಬರುವ ಹುಡುಗನೊಬ್ಬ ಎದ್ದುನಿಂತು, "ಹಾಗಾದರೆ ನಮ್ಮ ಕೆರೆಯ ಏರಿಗೂ ಅಷ್ಟೇ ಆಳದ ಬಾವಿಯ ಗೋಡೆಗೂ ಒಂದೇ ಒತ್ತಡವೇ, ಸಾರ್?" ಎಂದು ಕೇಳಿದ. ಹೌದು ಎಂದೆವು. ಅವನು ಕುಳಿತನು, ಆದರೆ ನಂಬಲಿಲ್ಲವೆಂಬುದು ಮುಖದಲ್ಲಿ ಕಾಣುತ್ತಿತ್ತು. ಮೈಲಿಗಟ್ಟಲೆ ನೀರು ಬೆನ್ನಹಿಂದೆ ನಿಂತಿರುವಾಗ ಏರಿಯನ್ನು ಅದು ಮೈಲಿಗಟ್ಟಲೆಯ ಬಲದಿಂದಲೇ ನೂಕುತ್ತದೆ ಎಂದು ಎಣಿಸುವುದು ಸಹಜ. ನಿಜದಲ್ಲಿ ಹತ್ತು ಮೀಟರು ಆಳದಲ್ಲಿ ನೀರಿನ ಒತ್ತಡ ಸರಿಸುಮಾರು ಒಂದು ವಾಯುಮಂಡಲದಷ್ಟು. ಹಿಂದೆ ಇರುವುದು ಸಮುದ್ರವಾದರೂ ಸರಿ, ಹಂಡೆಯಾದರೂ ಸರಿ. ಇಕ್ಕಟ್ಟಾದ ಕಿಂಡಿಯನ್ನು ಹುಡುಕಿ ಮುಚ್ಚಿದವನಿಗೆ ಅಪಾರ ನೀರು ಅಲ್ಪ ಶ್ರಮದಿಂದ ದೊರೆಯುವುದು ಈ ನಿಯಮದಿಂದಲೇ. ಇದನ್ನು ಕಣ್ಣಿಗೆ ಕಾಣುವಂತೆ ಮಾಡಬೇಕಾದರೆ ಕೆರೆ, ಗುಡ್ಡ, ಕಿಂಡಿಗಳನ್ನು ಒಂದೇ ನೋಟಕ್ಕೆ ಸಿಗುವಷ್ಟು ಚಿಕ್ಕದಾಗಿಸಬೇಕು. ಗಾರೆಯಲ್ಲೋ ಜೇಡಿಮಣ್ಣಿನಲ್ಲೋ ಮಾಡಬಹುದಿತ್ತು. ಆದರೆ ನಮ್ಮ ಸೀಮೆ ಮರದ ಸೀಮೆ. ತೇರು ಮರದ್ದು, ಎಷ್ಟೋ ಊರುಗಳ ಗ್ರಾಮದೇವತೆ ಮರದ್ದು. ಪಡುವಣದ ಸೊರಬ ಸಾಗರಗಳ ಗುಡಿಗಾರರು ಶ್ರೀಗಂಧದಲ್ಲಿ ಕೆತ್ತಿದ್ದಕ್ಕೆ ಲೆಕ್ಕವಿಲ್ಲ. ನಾವೂ ಮರವನ್ನೇ ಆರಿಸಿದೆವು.

ಕಡಿದು ವಾರವೂ ಆಗದಿದ್ದ ಬೇವಿನ ಬೊಡ್ಡೆಯೊಂದು ಸಿಕ್ಕಿತು. ಅಡ್ಡಳತೆ ಒಂದೂವರೆ ಅಡಿಯಷ್ಟಿತ್ತು. ಹಸಿಮರ ಉಳಿಗೆ ಬೆಣ್ಣೆಯಂತೆ ಬಗ್ಗುತ್ತದೆ. ನಮಗೆ ಅದೇ ಸೊಗಸಾಗಿ ಕಂಡಿತು. ಫೆಬ್ರವರಿಯಲ್ಲಿ ನಾಲ್ವರು ವಿದ್ಯಾರ್ಥಿಗಳೊಡನೆ ಕುಳಿತು ಬೊಡ್ಡೆಯ ಮೇಲ್ಮುಖದಲ್ಲಿ ಬೋಗುಣಿಯಂತೆ ಕೆರೆಯನ್ನು ತೋಡಿದೆವು, ಎರಡು ಗುಡ್ಡಗಳನ್ನು ಉಬ್ಬಿಸಿದೆವು, ನಡುವೆ ಏರಿಯನ್ನು ಬಿಟ್ಟೆವು. ಏಪ್ರಿಲಿನ ವಸ್ತುಪ್ರದರ್ಶನಕ್ಕೆ ಇಡಬೇಕೆಂದು ಎಣ್ಣೆ ಸವರಿ ಬೀರುವಿನ ಮೇಲೆ ಇರಿಸಿದ್ದೆವು. ಮಾರ್ಚಿ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಕೋಣೆಯ ಬಾಗಿಲು ತೆರೆದ ಹುಡುಗ ಅಲ್ಲಿಂದಲೇ ಕೂಗಿದ: "ಸಾರ್, ಏರಿ ಒಡೀತು!"

ಒಡೆದದ್ದು ನಿಜ. ಬೊಡ್ಡೆಯ ಅಂಚಿನಿಂದ ಹೊರಟ ಬಿರುಕು ಏರಿಯನ್ನು ಸರಿಯಾಗಿ ನಡುವೆ ಸೀಳಿಕೊಂಡು ಮರದ ತಿರುಳಿನವರೆಗೆ ಹೋಗಿತ್ತು. ಎಂಟು ಶತಮಾನದಿಂದ ನಿಂತಿರುವುದನ್ನು ನಾವು ಎಂಟು ವಾರವೂ ನಿಲ್ಲಿಸಲಾರದೆ ಹೋದೆವು. ಎಂ.ಎಸ್‌ಸಿ. ತರಗತಿಯಲ್ಲಿ ಹರಳುಗಳ ಅಸಮದಿಶಾ ಗುಣಗಳನ್ನು ಪುಟಗಟ್ಟಲೆ ಬರೆದು ಅಂಕ ಗಳಿಸಿದ್ದ ನಮಗೆ, ಎದುರಿಗಿದ್ದ ಬೇವಿನ ಬೊಡ್ಡೆಯೂ ಅಂಥದೇ ವಸ್ತುವೆಂದು ಹೊಳೆಯಲೇ ಇಲ್ಲ.

ಸೋತವರು ಕೇಳಲು ಹೋಗುವುದು ತಿಳಿದವರ ಬಳಿಗೆ. ಹೊನ್ನಾಳಿಯಲ್ಲಿ, ತುಂಗಭದ್ರೆಯ ದಡದಿಂದ ದೂರವಿಲ್ಲದ ಒಂದು ಬೀದಿಯಲ್ಲಿ, ಹಿಂದೆ ತೇರುಗಳ ಕೆಲಸ ಮಾಡಿದ್ದ ವೃದ್ಧ ಆಚಾರಿಯೊಬ್ಬರಿದ್ದರು. ಈಚೆಗೆ ಅವರಿಗೆ ಬರುವುದೆಲ್ಲ ಬಾಗಿಲು ಕಿಟಕಿಗಳ ದುರಸ್ತಿಯೇ. ಕೆತ್ತನೆಯ ಉಳಿಗಳನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ನಮ್ಮ ಸೀಳಿದ ಕೆರೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳನ್ನು ಬಿರುಕಿನುದ್ದಕ್ಕೂ ಎಳೆದು, ಅದು ನಿಂತ ಕಡೆ ಒತ್ತಿ ಹಿಡಿದರು.

"ಮೇಷ್ಟ್ರೇ, ತಿರುಳು ಒಳಗೇ ಬಿಟ್ಟೀರಲ್ಲ! ತಿರುಳು ಒಳಗೆ ಇದ್ದದ್ದು ಸೀಳೇ ಸೀಳ್ತತಿ. ನೀವು ಕೆತ್ತಿದ್ರೂ ಅಷ್ಟೇ, ವಿಶ್ವಕರ್ಮ ಕೆತ್ತಿದ್ರೂ ಅಷ್ಟೇ."

"ನಿಧಾನವಾಗಿ ಒಣಗಿಸಿದ್ದರೆ, ಆಚಾರ್ರೇ?"

"ನಿಧಾನ ಸೀಳ್ತಿತ್ತು."

ಮರ ಸೀಳುವುದು ಆಕಸ್ಮಿಕವಲ್ಲ, ಅನಿವಾರ್ಯ ಎಂಬುದೇ ಈ ಎರಡು ಮಾತಿನ ತಾತ್ಪರ್ಯ. ಇದು ನಿಜವೇ ಎಂಬುದನ್ನು ನಾವು ಲೆಕ್ಕ ಹಾಕಿ ನೋಡಬಹುದು.

ಮಳೆಗಾಲದಲ್ಲಿ ಮನೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದನ್ನು ಕಾಣದವರಿಲ್ಲ. ಅದು ಅಗಲದಲ್ಲಿ ಕಚ್ಚಿಕೊಳ್ಳುತ್ತದೆ. ಎತ್ತರದಲ್ಲಿ ಬೆಳೆದು ಹೊಸ್ತಿಲಿಗೆ ತಾಗಿತೆಂದು ಯಾರೂ ದೂರಿದ್ದಿಲ್ಲ. ಮರವೆಂದರೆ ಉದ್ದನೆಯ ಸೂಕ್ಷ್ಮ ಕೊಳವೆಗಳ ಒಂದು ಕಟ್ಟು. ಆ ಕೊಳವೆಗಳ ಗೋಡೆಯಲ್ಲಿ ಸೆಲ್ಯುಲೋಸಿನ ಎಳೆಗಳು ಬಹುಮಟ್ಟಿಗೆ ಉದ್ದುದ್ದಕ್ಕೆ ಮಲಗಿವೆ. ಹಸಿಮರದಲ್ಲಿ ನೀರು ಎರಡು ಕಡೆ ಇರುತ್ತದೆ: ಕೊಳವೆಯ ಪೊಳ್ಳಿನಲ್ಲಿ ಒಂದಿಷ್ಟು, ಗೋಡೆಯ ಎಳೆಗಳ ನಡುವೆ ಒಂದಿಷ್ಟು. ಒಣಗುವಾಗ ಮೊದಲು ಖಾಲಿಯಾಗುವುದು ಪೊಳ್ಳು. ಆಗ ಮರ ಹಗುರವಾಗುತ್ತದೆಯೇ ಹೊರತು ಕುಗ್ಗುವುದಿಲ್ಲ. ಒಣಮರದ ತೂಕದ ಶೇಕಡ ೩೦ರಷ್ಟು ನೀರು ಉಳಿದಿರುವ ಹಂತಕ್ಕೆ ಬಂದಮೇಲೆ ಗೋಡೆಯೊಳಗಿನ ನೀರು ಹೊರಡಲಾರಂಭಿಸುತ್ತದೆ, ಎಳೆಗಳು ಒಂದಕ್ಕೊಂದು ಹತ್ತಿರ ಸರಿಯುತ್ತವೆ, ಮರ ಕುಗ್ಗುತ್ತದೆ. ಎಳೆಗಳು ಪಕ್ಕಕ್ಕೆ ಸರಿಯಬಲ್ಲವು, ಆದರೆ ತಾವೇ ಗಿಡ್ಡವಾಗಲಾರವು. ಆದ್ದರಿಂದ ಉದ್ದದಲ್ಲಿ ಕುಗ್ಗುವಿಕೆ ಸಾಮಾನ್ಯವಾಗಿ ಸಾವಿರಕ್ಕೆ ಒಂದೆರಡು ಪಾಲು ಮಾತ್ರ. ಬಾಗಿಲಿನ ಎತ್ತರ ಬದಲಾಗದಿರುವುದು ಇದರಿಂದಲೇ.

ಅಡ್ಡಲಾಗಿಯಾದರೂ ಕುಗ್ಗುವಿಕೆ ಎಲ್ಲ ದಿಕ್ಕಿಗೂ ಸಮವೇ ಎಂದರೆ, ಅದೂ ಇಲ್ಲ. ಮರದ ಅಡ್ಡಸೀಳಿನಲ್ಲಿ ವಾರ್ಷಿಕ ಉಂಗುರಗಳನ್ನು ನೋಡಿರಿ. ತಿರುಳಿನಿಂದ ತೊಗಟೆಯ ಕಡೆಗೆ, ಎಂದರೆ ತ್ರಿಜ್ಯದ ದಿಕ್ಕಿನಲ್ಲಿ, ಕುಗ್ಗುವುದು ಕಡಿಮೆ. ಉಂಗುರದ ಸುತ್ತಿನ ದಿಕ್ಕಿನಲ್ಲಿ ಕುಗ್ಗುವುದು ಅದರ ಸುಮಾರು ಎರಡರಷ್ಟು. ತ್ರಿಜ್ಯದ ದಿಕ್ಕಿನಲ್ಲಿ ಹಾಯುವ ಕಿರಣಕೋಶಗಳು ಅತ್ತ ಕಡೆಯ ಕುಗ್ಗುವಿಕೆಯನ್ನು ತಡೆಹಿಡಿಯುವುದು ಇದಕ್ಕೆ ಒಂದು ಕಾರಣ. ನಮ್ಮ ಬೊಡ್ಡೆ ಬೇವು. ಆದರೆ ಅಂಕಿಗಳು ಸುಲಭವಾಗಿ ದೊರೆಯುವುದು ತೇಗಕ್ಕೆ. ಪೂರ್ತಿ ಒಣಗಿದಾಗ ತೇಗವು ತ್ರಿಜ್ಯದಲ್ಲಿ ಶೇಕಡ ೨.೫, ಸುತ್ತಿನಲ್ಲಿ ಶೇಕಡ ೫.೮ ಕುಗ್ಗುತ್ತದೆ. ೩೦ ಸೆಂಟಿಮೀಟರು ಅಡ್ಡಳತೆಯ ದುಂಡನೆಯ ಬೊಡ್ಡೆಯೊಂದಿದೆ ಎನ್ನೋಣ. ಅದರ ಸುತ್ತಳತೆ ಸುಮಾರು ೯೪ ಸೆಂಟಿಮೀಟರು. ಒಣಗಿದ ಮೇಲೆ ಅದರ ತ್ರಿಜ್ಯ ೧೫ರಿಂದ ೧೪.೬ಕ್ಕೆ ಇಳಿಯುತ್ತದೆ, ಅಷ್ಟು ತ್ರಿಜ್ಯದ ವೃತ್ತವನ್ನು ಸುತ್ತಿ ಬರಲು ಸುಮಾರು ೯೨ ಸೆಂಟಿಮೀಟರು ಮರ ಬೇಕು. ಆದರೆ ಸುತ್ತಿನಲ್ಲಿ ಉಳಿದಿರುವುದು ಸುಮಾರು ೮೯ ಮಾತ್ರ. ಮೂರು ಸೆಂಟಿಮೀಟರು ಕೊರತೆ! ಈ ಕೊರತೆಯನ್ನು ಮರ ಎಲ್ಲಿಂದ ತುಂಬಿತು? ಎಲ್ಲಿಂದಲೂ ಇಲ್ಲ. ಅದು ಬಾಯಿ ತೆರೆಯುತ್ತದೆ. ತೊಗಟೆಯ ಬಳಿ ಅಗಲ, ತಿರುಳಿನ ಬಳಿ ಚೂಪು. ಕೋನದಲ್ಲಿ ಹೇಳುವುದಾದರೆ ೩೬೦ ಡಿಗ್ರಿಗಳಲ್ಲಿ ೧೨ ಡಿಗ್ರಿ ಕಳೆದುಹೋಗಿರುತ್ತದೆ. ಗಾಳಿಯಲ್ಲಿ ಒಣಗಿದ ಮರ ಪೂರ್ತಿ ಒಣಗುವುದಿಲ್ಲವಾದ್ದರಿಂದ ಬಿರುಕು ಇದರ ಅರ್ಧಕ್ಕಿಂತ ತುಸು ಹೆಚ್ಚಿರಬಹುದು, ಒಂದೇ ಬಿರುಕಿಗೆ ಬದಲು ಮೂರು ನಾಲ್ಕಾಗಿಯೂ ಹಂಚಿಕೊಳ್ಳಬಹುದು. ಹೇಗಿದ್ದರೂ ತಿರುಳನ್ನು ಒಳಗಿಟ್ಟುಕೊಂಡ ದುಂಡು ಮರಕ್ಕೆ ಬಿರುಕಿನಿಂದ ಬಿಡುಗಡೆಯಿಲ್ಲ. ತಿರುಳಿನ ಮೂಲಕ ಕೊಯ್ದು ನಾಲ್ಕು ಸೀಳು ಮಾಡಿದರೋ, ಉಂಗುರ ಎಲ್ಲಿಯೂ ಪೂರ್ಣ ಸುತ್ತಾಗಿ ಉಳಿಯುವುದಿಲ್ಲ. ಪ್ರತಿಯೊಂದು ಕಾಲುಭಾಗವೂ ತನ್ನ ಕೋನವನ್ನು ಕೊಂಚ ಕಿರಿದು ಮಾಡಿಕೊಂಡು ಸುಮ್ಮನಾಗುತ್ತದೆ.

ಜಪಾನಿನ ಬಡಗಿಗಳು ಇದೇ ತೊಡಕನ್ನು ಬೇರೊಂದು ಜಾಣ್ಮೆಯಿಂದ ಬಿಡಿಸಿದರು. ದುಂಡು ಕಂಬದ ಕಾಣದ ಬೆನ್ನಿನಲ್ಲಿ ತಿರುಳಿನವರೆಗೆ ತಾವೇ ಒಂದು ಸೀಳು ಕೊಯ್ದುಬಿಡುತ್ತಾರೆ. ಬಾಯಿ ತೆರೆಯಲೇಬೇಕೆಂದಿದ್ದರೆ ಇಲ್ಲಿ ತೆರೆ ಎಂದು ಮರಕ್ಕೆ ಹೇಳಿದಂತೆ. ಅಲ್ಲಿನ ಶಿಲ್ಪಿಗಳು ಇನ್ನೂ ಮುಂದೆ ಹೋದರು. ಉಜಿ ಎಂಬ ಊರಿನ ಬ್ಯೋದೊ-ಇನ್ ದೇವಾಲಯದಲ್ಲಿ ಜೋಚೊ ಎಂಬ ಶಿಲ್ಪಿ ೧೦೫೩ರಲ್ಲಿ ಮುಗಿಸಿದ ಅಮಿತಾಭ ಬುದ್ಧನ ದೊಡ್ಡ ವಿಗ್ರಹ ಒಂದೇ ಮರದ್ದಲ್ಲ. ಒಳಗೆ ಪೊಳ್ಳು ಮಾಡಿದ ಹಲವು ತುಂಡುಗಳ ಜೋಡಣೆ. ಸುಮಾರು ಒಂದು ಸಾವಿರ ವರ್ಷದಿಂದ ಅದು ಅಲ್ಲಿ ಕುಳಿತಿದೆ.

ಪುರಿಯ ಜಗನ್ನಾಥನ ಹಾದಿ ಬೇರೆ. ಬೇವಿನ ಮರದ ಆ ಮೂರ್ತಿಗಳನ್ನು ಉಳಿಸಿಕೊಳ್ಳುವ ಬದಲು ಕಾಲಕಾಲಕ್ಕೆ ಹೊಸದಾಗಿ ಮಾಡುತ್ತಾರೆ. ೧೯೯೬ರಲ್ಲೊಮ್ಮೆ, ೨೦೧೫ರಲ್ಲೊಮ್ಮೆ ಹಾಗೆ ನಡೆಯಿತು. ನಮ್ಮ ಶಿರಸಿಯ ಮಾರಿಕಾಂಬೆಯ ಏಳು ಅಡಿಯ ಮರದ ಮೂರ್ತಿಯಾದರೋ ಹಾನಗಲ್ಲಿನ ದಾರಿಯ ಒಂದು ಕೆರೆಯಲ್ಲಿ ದೊರೆಯಿತೆಂದು ಪ್ರತೀತಿ. ನೀರಿನಲ್ಲಿ ಬಿದ್ದ ಮರ ಕೊಳೆತುಹೋಗಬೇಕಲ್ಲವೇ ಎಂದು ಯಾರಾದರೂ ಕೇಳಬಹುದು. ಕೊಳೆಯಿಸುವ ಶಿಲೀಂಧ್ರಕ್ಕೆ ನೀರಿನೊಡನೆ ಗಾಳಿಯೂ ಬೇಕು. ಪೂರ್ತಿ ಮುಳುಗಿ ಕೆಸರಿನಲ್ಲಿ ಹೂತ ಮರಕ್ಕೆ ಗಾಳಿ ಸಿಗದು, ಒಣಗುವ ಪ್ರಶ್ನೆಯಿಲ್ಲದ್ದರಿಂದ ಸೀಳುವ ಭಯವೂ ಇರದು. ಒಮ್ಮೆ ನೆನೆದು ಒಮ್ಮೆ ಒಣಗುವುದೇ ಮರಕ್ಕೆ ಕೇಡು.

ಆಚಾರ್ಯರ ಮುಂದಿನ ಪ್ರಶ್ನೆ ನಮಗೆ ವಿಚಿತ್ರವಾಗಿ ಕಂಡಿತು. "ಮಾಡಿದ್ದನ್ನ ಎಲ್ಲಿ ಇಡ್ತೀರಿ?" ಚನ್ನಗಿರಿಯಲ್ಲಿ, ಆಮೇಲೆ ಬೇರೆ ಊರುಗಳ ಶಾಲೆಗಳಿಗೂ ಒಯ್ಯಬೇಕೆಂದಿದೆ ಎಂದೆವು. "ಜಗಳೂರಿಗೂ?" ಹೌದು, ಜಗಳೂರಿಗೂ. "ಹಂಗಾದ್ರೆ ಜಗಳೂರಿಗೆ ತಕ್ಕಂಗೆ ಮಾಡ್ಬೇಕು."

ಈ ಮಾತಿನ ಅರ್ಥ ತಿಳಿಯಬೇಕಾದರೆ ನಾಲ್ಕು ತಾಲ್ಲೂಕುಗಳನ್ನು ಒಂದು ಸಾಲಿನಲ್ಲಿ ಇಟ್ಟು ನೋಡಬೇಕು. ಹೊನ್ನಾಳಿಯಿಂದ ಬೇರ್ಪಟ್ಟು ಈಚೆಗೆ ತಾಲ್ಲೂಕಾದ ನ್ಯಾಮತಿ ಮಲೆನಾಡಿನ ಸೆರಗು. ತೀರ್ಥರಾಮೇಶ್ವರದ ಗುಡ್ಡಗಳಲ್ಲಿ ಕಾಡು ಇನ್ನೂ ಹಸುರಾಗಿದೆ. ಹೊನ್ನಾಳಿ ನದಿಯ ಊರು. ಚನ್ನಗಿರಿ ಅಡಕೆಯ ತೋಟಗಳ ಸೀಮೆ. ಜಗಳೂರು ಬಯಲುಸೀಮೆಯ ಬರದ ತಾಲ್ಲೂಕು. ಅಲ್ಲಿನ ರಂಗಯ್ಯನದುರ್ಗದ ಕುರುಚಲು ಕಾಡಿನಲ್ಲಿರುವುದು ಕೊಂಡುಕುರಿ. ನ್ಯಾಮತಿಯಿಂದ ಜಗಳೂರಿಗೆ ನೇರ ಗೆರೆ ಎಳೆದರೆ ನೂರು ಕಿಲೋಮೀಟರು ಬಾರದು. ಅಷ್ಟರೊಳಗೆ ಗಾಳಿಯ ಸ್ವಭಾವವೇ ಬದಲಾಗುತ್ತದೆ. ಮರ ಗಾಳಿಯೊಡನೆ ಸದಾ ನೀರಿನ ಕೊಡುಕೊಳ್ಳುವಿಕೆ ನಡೆಸುತ್ತಿರುತ್ತದೆ. ಸಾಪೇಕ್ಷ ಆರ್ದ್ರತೆ ಶೇಕಡ ೮೦ ಇರುವ ಗಾಳಿಯಲ್ಲಿ ಬಹುಕಾಲ ಇಟ್ಟ ಮರದಲ್ಲಿ ಸುಮಾರು ಶೇಕಡ ೧೬ ನೀರು ನಿಲ್ಲುತ್ತದೆ. ಆರ್ದ್ರತೆ ೩೦ಕ್ಕೆ ಇಳಿದರೆ ಮರದ ನೀರು ೬ಕ್ಕೆ ಇಳಿಯುತ್ತದೆ. ಮಳೆಗಾಲದ ನ್ಯಾಮತಿಗೂ ಮಾರ್ಚಿಯ ಜಗಳೂರಿನ ಮಧ್ಯಾಹ್ನಕ್ಕೂ ಇರುವ ಅಂತರ ಇಂಥದು. ೩೦ ಸೆಂಟಿಮೀಟರು ಅಗಲದ ತೇಗದ ಹಲಗೆಯೊಂದು ೧೬ರಿಂದ ೬ಕ್ಕೆ ಒಣಗಿದರೆ, ಅದನ್ನು ತ್ರಿಜ್ಯದ ದಿಕ್ಕಿಗೆ ಕೊಯ್ದಿದ್ದರೆ ಎರಡೂವರೆ ಮಿಲಿಮೀಟರು ಕುಗ್ಗುತ್ತದೆ. ಉಂಗುರಗಳಿಗೆ ಸ್ಪರ್ಶಕವಾಗಿ ಕೊಯ್ದಿದ್ದರೆ ಆರರ ಹತ್ತಿರ. ಮರ ಒಂದೇ, ಅಗಲ ಒಂದೇ. ಗರಗಸ ಹಿಡಿದ ದಿಕ್ಕು ಮಾತ್ರ ಬೇರೆ.

ಹಳೆಯ ಮರ ಬೇಕೆಂದು ಆಚಾರ್ಯರು ಹೇಳಿದರು. ಹೊಸ ಮರವನ್ನು ಅಂಗುಲ ದಪ್ಪಕ್ಕೆ ಒಂದು ವರ್ಷದಂತೆ ನೆರಳಿನಲ್ಲಿ ಒಣಗಿಸುವುದು, ತುದಿಗಳ ಮೂಲಕ ನೀರು ಬೇಗ ಹಾರಿಹೋಗದಂತೆ ಅಲ್ಲಿಗೆ ಸೆಗಣಿ ಮೆತ್ತುವುದು, ಇದೆಲ್ಲ ಅವರ ಪದ್ಧತಿ. ಆದರೆ ಅಷ್ಟು ತಾಳ್ಮೆ ನಮಗಿರಲಿಲ್ಲ. ನ್ಯಾಮತಿಯಲ್ಲಿ ಕೆಡವುತ್ತಿದ್ದ ಹಳೆಯ ತೊಟ್ಟಿಮನೆಯೊಂದರ ತೇಗದ ತೊಲೆಗಳು ಸಿಕ್ಕುವು. ಆಚಾರ್ಯರು ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಎರಡನ್ನು ಆರಿಸಿದರು. ಒಣಗಿದ ಗಟ್ಟಿಮರದಲ್ಲಿ ಶಬ್ದ ಎಳೆಯುದ್ದಕ್ಕೆ ಸೆಕೆಂಡಿಗೆ ನಾಲ್ಕು ಸಾವಿರ ಮೀಟರುಗಳಿಗೂ ಮಿಗಿಲಾದ ವೇಗದಿಂದ ಓಡುತ್ತದೆ. ಒಳಗೆ ಹುಳು ತಿಂದಿದ್ದರೆ, ಬಿರುಕು ಇದ್ದರೆ ನಾದ ಸತ್ತುಹೋಗುತ್ತದೆ. ಇದನ್ನು ನಾವು ದಾರಿಯಲ್ಲಿ ವಿದ್ಯಾರ್ಥಿಗಳಿಗೆ ವಿವರಿಸುತ್ತಿದ್ದಾಗ ಆಚಾರ್ಯರು ಮುಗುಳ್ನಗುತ್ತಿದ್ದರೆಂದು ಒಬ್ಬ ಹುಡುಗಿ ಆಮೇಲೆ ಹೇಳಿದಳು.

ಈ ಸಲ ಬೊಡ್ಡೆಯನ್ನು ತೋಡಲಿಲ್ಲ. ಭಾರತೀಯ ಸರ್ವೇಕ್ಷಣ ಇಲಾಖೆಯ ೧:೫೦,೦೦೦ ಪ್ರಮಾಣದ ನಕ್ಷೆಯನ್ನು ಎರಡರಷ್ಟು ಹಿಗ್ಗಿಸಿದೆವು. ಸಮಾನ ಎತ್ತರದ ಸ್ಥಳಗಳನ್ನು ಕೂಡಿಸುವ ಸಮೋನ್ನತಿ ರೇಖೆಗಳು ಆ ನಕ್ಷೆಯಲ್ಲಿ ೨೦ ಮೀಟರಿಗೊಂದು. ಪ್ರತಿ ರೇಖೆಗೂ ಒಂದು ತೆಳುಹಲಗೆಯನ್ನು ಅದೇ ಆಕಾರಕ್ಕೆ ಕೊಯ್ದು ಒಂದರ ಮೇಲೊಂದು ಕೂರಿಸಿದರೆ ಗುಡ್ಡ ತಾನೇ ಮೇಲೇಳುತ್ತದೆ ಎಂಬುದು ಉಪಾಯ. ಲೆಕ್ಕ ಹಾಕಿದಾಗ ಮೊದಲ ಪೆಟ್ಟು ಬಿತ್ತು. ಈ ಅಳತೆಯಲ್ಲಿ ಎಂಟು ಕಿಲೋಮೀಟರು ಉದ್ದದ ಕೆರೆ ೩೨ ಸೆಂಟಿಮೀಟರು ಆಗುತ್ತದೆ, ಸರಿ. ಆದರೆ ೨೦ ಮೀಟರಿನ ಎತ್ತರ ಒಂದು ಮಿಲಿಮೀಟರಿಗೂ ಕಡಿಮೆ! ನೂರು ಮೀಟರಿನ ಗುಡ್ಡ ನಾಲ್ಕು ಮಿಲಿಮೀಟರಿನ ಉಬ್ಬು. ಏರಿಯಂತೂ ಉಗುರಿಗೂ ತಾಗದು. ನೆಲದ ಮೇಲೆ ನಡೆಯುವ ನಮಗೆ ಗುಡ್ಡಗಳು ಎತ್ತರವಾಗಿ ಕಾಣುತ್ತವೆ. ಅಳತೆಪಟ್ಟಿಗೆ ಭೂಮಿ ಬಹುತೇಕ ಚಪ್ಪಟೆ.

ವಿದ್ಯಾರ್ಥಿಗಳಲ್ಲಿ ವಾದ ಎದ್ದಿತು. ನಿಜವಾದ ಅಳತೆಯನ್ನು ಬಿಡಬಾರದೆಂದು ಇಬ್ಬರು. ಕಾಣದ ಗುಡ್ಡವನ್ನು ಕೆತ್ತಿ ಏನು ಫಲ ಎಂದು ಉಳಿದವರು. ನಾವು ಮೊದಲಿನವರ ಪಕ್ಷಕ್ಕೆ ಒಲಿದಿದ್ದೆವೆಂದು ಒಪ್ಪಿಕೊಳ್ಳಬೇಕು. ಅಳತೆಯನ್ನು ಬಿಟ್ಟರೆ ಭೌತವಿಜ್ಞಾನಿಗೆ ಉಳಿಯುವುದೇನು? ಆಚಾರ್ಯರು ಎಲ್ಲವನ್ನೂ ಕೇಳಿಸಿಕೊಂಡು, "ಅಮ್ಮನ ಕಣ್ಣು ನೋಡೀರೇನು?" ಎಂದರು. ಗ್ರಾಮದೇವತೆಯ ಮುಖವನ್ನು ನೆನಪು ಮಾಡಿಕೊಳ್ಳಿ. ಕಣ್ಣುಗಳು ಮುಖದ ಅಳತೆಗೆ ಸಲ್ಲುವುದಕ್ಕಿಂತ ಎಷ್ಟೋ ದೊಡ್ಡವು. ಕೆತ್ತಿದವನಿಗೆ ಮನುಷ್ಯರ ಕಣ್ಣಿನ ಅಳತೆ ಗೊತ್ತಿರಲಿಲ್ಲವೆಂದಲ್ಲ. ಜಾತ್ರೆಯ ಜನಸಂದಣಿಯಲ್ಲಿ, ಎಣ್ಣೆದೀಪದ ಬೆಳಕಿನಲ್ಲಿ, ಇಪ್ಪತ್ತು ಮಾರು ದೂರದಲ್ಲಿ ನಿಂತವನನ್ನೂ ಅವಳು ನೋಡಬೇಕು. ಅದಕ್ಕೆ ಆ ಕಣ್ಣು. ನಕ್ಷೆ ಮಾಡುವವರೂ ಇದನ್ನೇ ಮಾಡುತ್ತಾರೆ: ಎತ್ತರವನ್ನು ಇಷ್ಟರಷ್ಟು ಹಿಗ್ಗಿಸಿದೆ ಎಂದು ಮೂಲೆಯಲ್ಲಿ ಬರೆದುಬಿಡುತ್ತಾರೆ. ನಾವು ಎಂಟು ಮಿಲಿಮೀಟರಿನ ಹಲಗೆಗಳನ್ನು ತೆಗೆದುಕೊಂಡೆವು. ಎತ್ತರ ಹತ್ತರಷ್ಟು ಹಿಗ್ಗಿತು. ಹಾಗೆಂದು ಪೀಠದ ಮೇಲೆ ಬರೆದೂ ಇದೆ.

ಹಲಗೆಗಳನ್ನು ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ ಇಟ್ಟು ಅಂಟಿಸಿದರೆ ಪ್ಲೈವುಡ್ಡಿನಂತೆ ಗಟ್ಟಿಯಾಗದೇ ಎಂದು ಒಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಪ್ಲೈವುಡ್ಡಿನ ಪದರಗಳು ಬಲು ತೆಳು. ಒಂದು ಕುಗ್ಗಬಯಸಿದರೆ ನೆರೆಯ ಪದರ ಅದನ್ನು ಹಿಡಿದು ನಿಲ್ಲಿಸಬಲ್ಲದು. ಹಲಗೆ ದಪ್ಪವಾದಷ್ಟೂ ಅದರ ಜಗ್ಗಾಟ ಹೆಚ್ಚು. ಕೊನೆಗೆ ಅಂಟು ಬಿಡುತ್ತದೆ, ಇಲ್ಲವೇ ಹಲಗೆ ಸೀಳುತ್ತದೆ. ನಮ್ಮ ಹಲಗೆಗಳ ಎಳೆಯೆಲ್ಲ ಒಂದೇ ದಿಕ್ಕಿಗಿರಬೇಕು. ಯಾವ ದಿಕ್ಕಿಗೆ? ಆಚಾರ್ಯರು ನಕ್ಷೆಯನ್ನು ನೆಲದ ಮೇಲೆ ಹಾಸಿ, "ಏರಿ ಯಾವ ಕಡೆ ಮಲಗೈತಿ?" ಎಂದು ಕೇಳಿ, ಹಲಗೆಗಳನ್ನು ಅದೇ ಕಡೆಗೆ ತಿರುಗಿಸಿದರು. ಏರಿಯನ್ನು ಬೇರೆ ಮರದಲ್ಲಿ ಮಾಡಿ ಕೂರಿಸುವುದೆಂದು ಆಗಲೇ ತೀರ್ಮಾನವಾಗಿತ್ತು. ಅದರ ಎಳೆ ಉದ್ದುದ್ದಕ್ಕೆ, ಹಲಗೆಗಳ ಎಳೆಯೂ ಅತ್ತಲೇ ಆದರೆ ಎರಡೂ ಒಟ್ಟಿಗೆ ಹಿಗ್ಗಿ ಕುಗ್ಗುತ್ತವೆ. ಆ ಹೊತ್ತಿಗೆ ನಮ್ಮ ಕಣ್ಣಿಗೆ ಬಿದ್ದ ಸಂಗತಿ ಬೇರೆ. ಏರಿಯಿರುವುದು ಎರಡು ಗುಡ್ಡಗಳ ನಡುವಿನ ಬಿರುಕಿನಲ್ಲಿ. ಆದ್ದರಿಂದ ಗುಡ್ಡಗಳ ಸಾಲು ಯಾವ ಕಡೆಗೆ ಓಡುತ್ತದೆಯೋ ಏರಿಯೂ ಆ ಕಡೆಗೇ ಮಲಗಿದೆ. ನೆಲಕ್ಕೂ ಒಂದು ಎಳೆಯಿದೆ. ಹಳ್ಳ ಅದನ್ನು ಅಡ್ಡಲಾಗಿ ಸೀಳಿತ್ತು. ಕೆರೆ ಕಟ್ಟಿದವರು ಆ ಸೀಳನ್ನು ಎಳೆಯ ದಿಕ್ಕಿನಲ್ಲಿಯೇ ಬೆಸೆದರು. ನಮ್ಮ ಮೊದಲ ಬೊಡ್ಡೆಯಲ್ಲಿ ಹಳ್ಳ ಹರಿದಿದ್ದ ದಾರಿಯಲ್ಲೇ ಬಿರುಕು ಬಿಟ್ಟದ್ದು ಆಕಸ್ಮಿಕವೇ ಸರಿ. ಆದರೂ ಆ ಸೀಳಿದ ತುಂಡನ್ನು ನಾವು ಎಸೆದಿಲ್ಲ.

ಏರಿಗೆ ಹೊನ್ನೆಮರವನ್ನು ಆರಿಸಿದ್ದು ಬಣ್ಣಕ್ಕಾಗಿ. ತೇಗದ ನಡುವೆ ಅದರ ಕೆಂಗಂದು ಎದ್ದು ಕಾಣುತ್ತದೆ. ವಿದ್ಯಾರ್ಥಿಗಳು ಮನೆಯಲ್ಲಿ ಮಾಡಬಹುದಾದ ಪ್ರಯೋಗವೊಂದನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ. ಹೊನ್ನೆಯ ಚೇಗಿನ ಸಿಪ್ಪೆಯನ್ನು ಗಾಜಿನ ಲೋಟದ ನೀರಿನಲ್ಲಿ ನೆನೆಹಾಕಿ ಬಿಸಿಲಿಗೆ ಹಿಡಿಯಿರಿ. ಬೆಳಕಿಗೆ ಅಡ್ಡಲಾಗಿ ನೋಡಿದರೆ ನೀರು ಹೊಂಬಣ್ಣ. ಬೆಳಕು ಬೀಳುವ ಪಕ್ಕದಿಂದ ನೋಡಿದರೆ ನೀಲಿಯ ಹೊಳಪು. ಇದು ಪ್ರತಿದೀಪ್ತಿ. ನಮ್ಮ ಏರಿಯ ಚಕ್ಕೆಗಳಿಂದ ಒಂದು ಮಧ್ಯಾಹ್ನವೆಲ್ಲ ಈ ಆಟ ನಡೆದು ಕೆಲಸ ನಿಂತುಹೋಗಿತ್ತು.

ಹಲಗೆಗಳನ್ನು ಜೋಡಿಸಿದ ಮೇಲೆ ಮೆಟ್ಟಿಲುಗಳು ಉಳಿಯುತ್ತವೆ. ಅವನ್ನು ಕೆತ್ತಿ ನುಣುಪು ಮಾಡಬೇಕೇ ಎಂಬ ಪ್ರಶ್ನೆ ಬಂದಾಗ ನಾವು ಸಂತೇಬೆನ್ನೂರಿಗೆ ಹೋದೆವು. ಚನ್ನಗಿರಿ ತಾಲ್ಲೂಕಿನದೇ ಆದ ಆ ಊರಿನಲ್ಲಿ ೧೬ನೆಯ ಶತಮಾನದ ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿಯಿದೆ. ನಾಲ್ಕೂ ಕಡೆಯಿಂದ ಮೆಟ್ಟಿಲುಗಳು ನೀರಿಗೆ ಇಳಿಯುತ್ತವೆ, ನಡುವೆ ವಸಂತಮಂಟಪ. ನೀರು ಇಳಿದಂತೆ ಒಂದೊಂದೇ ಮೆಟ್ಟಿಲು ಹೊರಗೆ ಬರುತ್ತದೆ. ಸಮೋನ್ನತಿ ರೇಖೆಯೆಂದರೇನು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠವನ್ನು ನಾವು ಕಂಡಿಲ್ಲ. ಗುಡ್ಡಗಳನ್ನು ಆಚಾರ್ಯರು ಉಳಿಯಿಂದ ತಿದ್ದಿ ನುಣುಪು ಮಾಡಿದರು. ಅರವತ್ತು ವರ್ಷ ಪಳಗಿದ ಕೈ. ಎಳೆ ಎತ್ತ ಏಳುತ್ತದೆ ಎಂಬುದನ್ನು ನೋಡದೆ ಒಂದು ಪೆಟ್ಟನ್ನೂ ಹಾಕುತ್ತಿರಲಿಲ್ಲ. ಕೆರೆಯ ತಳವನ್ನು ಮಾತ್ರ ಮೆಟ್ಟಿಲಾಗಿಯೇ ಬಿಟ್ಟೆವು. ನೀರಿನ ಅಡಿಯ ನೆಲವನ್ನು ನಮ್ಮ ನಕ್ಷೆ ತೋರಿಸುತ್ತಿರಲಿಲ್ಲ. ಅದು ನಮ್ಮ ಊಹೆ. ಊಹೆಯನ್ನು ನುಣುಪು ಮಾಡಿ ತೋರಿಸುವುದು ಸರಿಯಲ್ಲವೆಂದು ತೋರಿತು.

ಕೆತ್ತುವಾಗ ಮರದ ಪುಡಿಯೆಲ್ಲ ಆ ಬೋಗುಣಿಗೇ ಬಂದು ಬೀಳುತ್ತಿತ್ತು. ಮೂರು ದಿನ ಯಾರೂ ಗುಡಿಸಲಿಲ್ಲ. ಕೆಳಗಿನ ಎರಡು ಮೆಟ್ಟಿಲು ಮುಚ್ಚಿಹೋದಾಗ ಸೂಳೆಕೆರೆಯ ಕಡೆಯ ಹುಡುಗ, "ಸಾರ್, ಹೂಳು ತುಂಬಿತು," ಎಂದ. ಎಲ್ಲರೂ ನಕ್ಕರು, ಅವನು ನಗಲಿಲ್ಲ. ಹೂಳು ಕೆರೆಯ ಆಳವನ್ನು ತಿನ್ನುತ್ತದೆ, ಹರವನ್ನು ಅಷ್ಟಾಗಿ ತಿನ್ನುವುದಿಲ್ಲ. ಬಿಸಿಲಿಗೆ ನೀರು ಆವಿಯಾಗುವುದು ಹರವಿನಿಂದ, ಆಳದಿಂದಲ್ಲ. ಆದ್ದರಿಂದ ಹೂಳು ತುಂಬಿದ ಕೆರೆ ಎರಡು ಬಗೆಯಲ್ಲಿ ಬಡವಾಗುತ್ತದೆ: ಹಿಡಿಯುವ ನೀರು ಕಡಿಮೆ, ಹಿಡಿದುದರಲ್ಲಿ ಬಿಸಿಲು ಕಿತ್ತುಕೊಳ್ಳುವ ಪಾಲು ಹೆಚ್ಚು. ಚಿತ್ರದುರ್ಗದ ಪಟ್ಟಣಕ್ಕೂ ಕುಡಿಯುವ ನೀರು ಈ ಕೆರೆಯಿಂದಲೇ ಹೋಗುತ್ತದೆ ಎಂಬುದನ್ನು ನೆನೆದರೆ, ನಗದಿದ್ದ ಹುಡುಗನೇ ಸರಿ ಎನ್ನಬೇಕು.

ನೆಲದ ಆಕಾರವನ್ನು ಮರಕ್ಕೆ ತಂದವರಲ್ಲಿ ನಾವು ಮೊದಲಿಗರೇನೂ ಅಲ್ಲ. ಇಂಗ್ಲೆಂಡಿನ ಶಿಲ್ಪಿ ಬಾರ್ಬರಾ ಹೆಪ್‌ವರ್ತ್ ತಮ್ಮ ಮನೆಯಿಂದ ಕಾಣುತ್ತಿದ್ದ ಕೊಲ್ಲಿಯ ಬಳಸನ್ನು ೧೯೪೬ರಲ್ಲಿ ಎಲ್ಮ್ ಮರದ 'ಪೆಲಗೋಸ್' ಎಂಬ ಕೃತಿಯಾಗಿ ಕೆತ್ತಿದರು. ಡೇವಿಡ್ ನ್ಯಾಶ್ ಎಂಬವರದು ಇನ್ನೂ ಸೋಜಿಗ: ಅವರು ಹಸಿಮರದಲ್ಲೇ ಕೆಲಸ ಮಾಡಿ, ಅದು ಒಣಗಿ ಸೀಳಿ ಡೊಂಕಾಗುವುದನ್ನೂ ಶಿಲ್ಪದ ಭಾಗವೆಂದು ಎಣಿಸಿದವರು. ೧೯೭೯ರ ಅವರದೊಂದು ಕೃತಿಯ ಹೆಸರೇ 'ಬಿರುಕು ಬಿಡುವ ಪೆಟ್ಟಿಗೆ'. ಈ ಸಮಾಚಾರ ನಮಗೆ ಮೊದಲೇ ತಿಳಿದಿದ್ದರೆ ಪ್ರಥಮ ಬೊಡ್ಡೆಯನ್ನು ಧೈರ್ಯವಾಗಿ ಪ್ರದರ್ಶನಕ್ಕೆ ಇಡುತ್ತಿದ್ದೆವೋ ಏನೋ!

ಮರುವರ್ಷ ಮಾರ್ಚಿಯಲ್ಲಿ ನಮ್ಮ ಸೂಳೆಕೆರೆ ಜಗಳೂರಿಗೆ ಹೋಯಿತು. ಅಲ್ಲಿನ ಶಾಲೆಯೊಂದರಲ್ಲಿ ಮೂರು ವಾರ ಇತ್ತು. ಮಕ್ಕಳು ಗುಡ್ಡಗಳನ್ನು ಮುಟ್ಟಿ ನೋಡಿದರು, ಏರಿಯ ಮೇಲೆ ಬೆರಳು ನಡೆಸಿದರು. ಒಂದು ಹುಡುಗಿ ಬೋಗುಣಿಯನ್ನು ಬಹಳ ಹೊತ್ತು ನೋಡಿ, "ಇದು ನಮ್ಮೂರ ಕೆರೆ ಇದ್ದಂಗೆ ಐತಿ," ಎಂದಳು. ನಾವು ಅರ್ಥವಾಗದೆ, ಹೇಗೆ ಎಂದು ಕೇಳಿದೆವು. "ನೀರೇ ಇಲ್ವಲ್ಲ, ಸಾರ್." ತುಂಗಭದ್ರೆಯಿಂದ ನೀರೆತ್ತಿ ಜಗಳೂರು ಸೀಮೆಯ ೫೭ ಕೆರೆಗಳನ್ನು ತುಂಬಿಸುವ ಯೋಜನೆ ಕೈಗೊಂಡದ್ದು ಇಂಥ ಮಾತುಗಳಿಗೆ ಉತ್ತರವಾಗಿಯೇ. ನದಿಯ ನೀರನ್ನು ಎಷ್ಟು ಎತ್ತರಕ್ಕೆ ಎತ್ತಬೇಕು, ಅದಕ್ಕೆ ಎಷ್ಟು ಶಕ್ತಿ ಬೇಕು ಎಂಬ ಲೆಕ್ಕವನ್ನು ಅಂದು ಆ ತರಗತಿಯಲ್ಲಿ ಮಾಡಿಸಿದೆವು. ಸೂಳೆಕೆರೆಯಲ್ಲಿ ಗುಡ್ಡಗಳು ಪುಕ್ಕಟೆಯಾಗಿ ಮಾಡಿದ ಕೆಲಸವನ್ನು ಅಲ್ಲಿ ವಿದ್ಯುತ್ತು ಮಾಡಬೇಕು.

ಆಚಾರ್ಯರು ಏರಿಗೆ ಅಂಟು ಹಾಕಿರಲಿಲ್ಲ. ಕಚ್ಚು ತೆಗೆದು ಬರಿದೇ ಕೂರಿಸಿದ್ದರು. ಜಗಳೂರಿನಿಂದ ಹಿಂದಕ್ಕೆ ತರುವಾಗ ನೋಡಿದರೆ ಏರಿಗೂ ಗುಡ್ಡಕ್ಕೂ ನಡುವೆ ಕೂದಲಿಗಿಂತ ಕೊಂಚ ದಪ್ಪನೆಯ ಸಂದು ಬಿಟ್ಟಿತ್ತು. ಒಂದು ಅಂಚೆ ಕಾರ್ಡು ಸಲೀಸಾಗಿ ತೂರುತ್ತಿತ್ತು. ಬಿರುಕು ಎಲ್ಲಿಯೂ ಇರಲಿಲ್ಲ. ಅಂದಿನಿಂದ ವಿದ್ಯಾರ್ಥಿಗಳು ಪ್ರತಿ ತಿಂಗಳ ಮೊದಲ ಸೋಮವಾರ ಆ ಸಂದಿಗೆ ಕಾರ್ಡನ್ನು ತೂರಿಸಿ ನೋಡುತ್ತಾರೆ. ಫಲಿತಾಂಶವನ್ನು ಗೋಡೆಯ ಮೇಲಿನ ಹಾಳೆಯಲ್ಲಿ ಗುರುತು ಹಾಕುತ್ತಾರೆ. ಏಪ್ರಿಲ್ ಮೇ ತಿಂಗಳುಗಳ ಮುಂದೆ 'ಹೋಯಿತು' ಎಂದಿದೆ. ಜೂನಿನಲ್ಲಿ 'ಬಿಗಿಯಾಗಿ ಹೋಯಿತು'. ಆಗಸ್ಟಿನ ಮುಂದೆ 'ಹೋಗಲಿಲ್ಲ' ಎಂದು ಬರೆದು, ಅದರ ಕೆಳಗೆ ಸೂಳೆಕೆರೆಯ ಕಡೆಯ ಹುಡುಗ ಯಾರೂ ಕೇಳದೆಯೇ ಇನ್ನೊಂದು ಸಾಲು ಸೇರಿಸಿದ್ದಾನೆ: 'ಕೆರೆಗೆ ನೀರು ಬಂದಿದೆ.'